ವರ್ಚುವಲ್ ಮೆಷಿನ್‌ಗೆ ರಿಮೋಟ್ ಡೆಸ್ಕ್‌ಟಾಪ್ ಹಾಕಿದರೆ ಸ್ಕ್ರೀನ್ ತಡವರಿಸುತ್ತದೆ, ಗ್ರಾಫಿಕ್ಸ್ ಕಾರ್ಡ್ ಕೊಳ್ಳಬೇಕಾ?

ಕಾರ್ಡ್ ಈಗಲೇ ಕೊಳ್ಳಬೇಡಿ. ಮೊದಲು ಆ ವರ್ಚುವಲ್ ಮೆಷಿನ್ ಇರುವ ನಿಮ್ಮ ಕಲಬುರಗಿ ಆಫೀಸಿಗೆ ಫೋನ್ ಮಾಡಿ, ಆ ಕಂಪ್ಯೂಟರ್ ಮುಂದೆ ಯಾರನ್ನಾದರೂ ಕೂರಿಸಿ. ವರ್ಚುವಲ್‌ಬಾಕ್ಸ್ (ಒಂದು ಕಂಪ್ಯೂಟರ್ ಒಳಗೆ ಇನ್ನೊಂದನ್ನು, ಅಂದರೆ ವರ್ಚುವಲ್ ಮೆಷಿನ್ ಅನ್ನು, ಓಡಿಸುವ ಪ್ರೋಗ್ರಾಂ) ವಿಂಡೋದ ಕೆಳಗೆ ಬಲಮೂಲೆಯಲ್ಲಿ ಚಿಕ್ಕ ಚಿಕ್ಕ ಐಕಾನ್‌ಗಳ ಸಾಲು ಇರುತ್ತದೆ. ಅಲ್ಲಿ ಹಸಿರು ಆಮೆ ಕಾಣುತ್ತದಾ ಕೇಳಿ. ತಮಾಷೆ ಮಾಡ್ತಿಲ್ಲ, ನಿಜವಾಗಿಯೂ ಆಮೆಯ ಚಿತ್ರ.

ನೀವು ಬರೆದದ್ದನ್ನು ನಾನು ಅರ್ಥ ಮಾಡಿಕೊಂಡಿರೋದು ಇಷ್ಟು. ಕಲಬುರಗಿ ಆಫೀಸಿನಲ್ಲಿ ವಿಂಡೋಸ್ 11 ಪ್ರೊ ಇರುವ ಕಂಪ್ಯೂಟರ್, ನಾಲ್ಕು ಕೋರ್, 16 ಜಿಬಿ ರ್‍ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಅದರೊಳಗೆ ವರ್ಚುವಲ್‌ಬಾಕ್ಸ್, ಅದರೊಳಗೆ ವಿಂಡೋಸ್ 10 ಪ್ರೊ. ನೀವು ಬೀದರ್‌ನ ಮನೆಯಿಂದ ಅದಕ್ಕೆ ಕನೆಕ್ಟ್ ಆಗಿ ಮನೆ ಪ್ಲಾನ್‌ಗಳನ್ನು ನೋಡಬೇಕು, ತಿದ್ದಬೇಕು. ಪಿಡಿಎಫ್ ಸ್ಕ್ರಾಲ್ ಮಾಡಿದರೆ ಚೌಕ ಚೌಕವಾಗಿ ತುಂಡು ತುಂಡು ಬರುತ್ತದೆ, ಮೌಸ್ ಹಿಂದೆ ಉಳಿಯುತ್ತದೆ. ಮನೆಯ ಇಂಟರ್‌ನೆಟ್ 40ರಿಂದ 100 ಎಂಬಿಪಿಎಸ್ ಮಾಡಿಸಿದರೂ ಏನೂ ಬದಲಾಗಲಿಲ್ಲ. ಸರಿ ತಾನೇ?

ಬದಲಾಗಲಿಲ್ಲ ಅನ್ನೋದೇ ದೊಡ್ಡ ಸುಳಿವು.

ನಾನು ಕಲಬುರಗಿಯಲ್ಲಿ ಐದಾರು ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಅದರಲ್ಲಿ ಒಂದು ದಾಲ್ ಮಿಲ್. ಅವರ ಕಾಟಾ ತೂಕದ ಸಾಫ್ಟ್‌ವೇರ್ ಹಳೇದು, ಹೊಸ ವಿಂಡೋಸ್‌ನಲ್ಲಿ ಓಡೋದಿಲ್ಲ. ಹಾಗಾಗಿ ಅದನ್ನು ವರ್ಚುವಲ್ ಮೆಷಿನ್ ಒಳಗೆ ಇಟ್ಟಿದ್ದೆ. ಮುನೀಮರು ಹುಮನಾಬಾದ್‌ನ ಮನೆಯಿಂದ ಅದನ್ನು ನೋಡುತ್ತಿದ್ದರು. ಒಂದು ದಿನ ಫೋನ್ ಬಂತು. "ತಮ್ಮಾ, ನಾ ಇಲ್ಲಿ ಒಂದು ಎಂಟ್ರಿ ಹೊಡದು ಚಾ ಕುಡದ್ರೂ ಅದು ಅಲ್ಲಿ ಕಾಣ್ಸಲ್ಲ ನೋಡು." ನಾನು ಎಲ್ಲರ ಹಾಗೆ ಇಂಟರ್‌ನೆಟ್ ಮೇಲೆ ಹಾಕಿದೆ. ರೌಟರ್ ಬದಲಿಸಿದೆ, ಕೇಬಲ್ ಬದಲಿಸಿದೆ, ಕನೆಕ್ಷನ್ ಕೊಟ್ಟವರ ಜೊತೆ ಜಗಳವಾಡಿದೆ. ಎರಡು ಭಾನುವಾರ ಹಾಳು. ಮೂರನೇ ವಾರ ಮಿಲ್‌ಗೇ ಹೋಗಿ ಆ ಕಂಪ್ಯೂಟರ್ ಮುಂದೆ ಕೂತಾಗ ಗೊತ್ತಾಯಿತು, ಇಂಟರ್‌ನೆಟ್ಟೇ ಇಲ್ಲದೆ ನೇರವಾಗಿ ನೋಡಿದರೂ ಅದು ಅಷ್ಟೇ ನಿಧಾನ! ಕೆಳಗೆ ಆಮೆ ಆರಾಮಾಗಿ ಕೂತಿತ್ತು.

ಅದಕ್ಕೇ ಹೇಳಿದ್ದು, ಮೊದಲು ಆಫೀಸಿನಲ್ಲಿ ಕೂತವರಿಂದ ಅದೇ ಪಿಡಿಎಫ್ ಅನ್ನು ಅದೇ ವರ್ಚುವಲ್ ಮೆಷಿನ್‌ನಲ್ಲಿ ಸ್ಕ್ರಾಲ್ ಮಾಡಿಸಿ. ಅಲ್ಲೂ ತಡವರಿಸಿದರೆ ನಿಮ್ಮ 100 ಎಂಬಿಪಿಎಸ್‌ಗೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿ ಸಲೀಸಾಗಿದ್ದರೆ ಮಾತ್ರ ದಾರಿಯಲ್ಲಿ ತೊಂದರೆ ಇದೆ ಅಂತ. ಈ ಒಂದು ಪರೀಕ್ಷೆ ಮಾಡದೆ ಸೆಟ್ಟಿಂಗ್ ಬದಲಿಸುತ್ತಾ ಕೂತರೆ ನನ್ನ ಎರಡು ಭಾನುವಾರದ ಗತಿಯೇ ನಿಮಗೂ.

ಈಗ ಆಮೆ ಅಂದರೇನು? ಮಾಮೂಲಾಗಿ ವರ್ಚುವಲ್‌ಬಾಕ್ಸ್ ಪ್ರೊಸೆಸರ್‌ನ ವರ್ಚುವಲೈಸೇಶನ್ ಸೌಲಭ್ಯವನ್ನು ನೇರವಾಗಿ ಬಳಸುತ್ತದೆ. ಆಗ ಅದೇ ಜಾಗದಲ್ಲಿ 'ವಿ' ಅಕ್ಷರ ಇರುವ ಚಿಪ್‌ನ ಚಿತ್ರ ಇರುತ್ತದೆ. ಆದರೆ ವರ್ಚುವಲ್ ಮೆಷಿನ್ ಓಡಿಸಲು ವಿಂಡೋಸ್‌ನಲ್ಲೇ ಇರುವ ಹೈಪರ್-ವಿ ಆ ಸೌಲಭ್ಯವನ್ನು ಮೊದಲೇ ಹಿಡಿದುಕೊಂಡಿದ್ದರೆ, ವರ್ಚುವಲ್‌ಬಾಕ್ಸ್ ಅದರ ಮೂಲಕವೇ ಹೋಗಬೇಕು. ಆಗ ಆಮೆ ಬರುತ್ತದೆ, ವೇಗ ಹೋಗುತ್ತದೆ. "ನಾನು ಹೈಪರ್-ವಿ ಹಾಕಿಯೇ ಇಲ್ವಲ್ಲ" ಅಂತೀರಿ. ಹಾಕಬೇಕಾಗಿಲ್ಲ. ಯಾರೋ ಡಾಕರ್ (ಸಾಫ್ಟ್‌ವೇರ್‌ಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟು ಓಡಿಸುವ ಪ್ರೋಗ್ರಾಂ) ಅಥವಾ ವಿಂಡೋಸ್ ಒಳಗಿನ ಲಿನಕ್ಸ್ ಹಾಕಿದ್ದರೂ ಅದು ಬರುತ್ತದೆ. ಇನ್ನೊಂದು, ವಿಂಡೋಸ್ ಸೆಕ್ಯುರಿಟಿಯ ಕೋರ್ ಐಸೊಲೇಶನ್ ಒಳಗೆ ಮೆಮೊರಿ ಇಂಟೆಗ್ರಿಟಿ ಅಂತ ಇದೆ. ಅದು ಆನ್ ಆಗಿದ್ದರೂ ಹಿಂದೆ ಓಡೋದು ಅದೇ ಹೈಪರ್-ವಿ. ವಿಂಡೋಸ್ 11ರ ಹೊಸ ಕಂಪ್ಯೂಟರ್‌ಗಳಲ್ಲಿ ಬಹಳಷ್ಟು ಸಲ ಅದು ಮೊದಲೇ ಆನ್ ಇರುತ್ತದೆ.

ಅದನ್ನೆಲ್ಲ ಆಫ್ ಮಾಡಿ ಅಂತ ಜನ ಹೇಳುತ್ತಾರೆ. ಮಾಡಿದರೆ ಆಮೆ ಹೋಗುವುದೂ ನಿಜ. ನನಗೆ ಮಾತ್ರ ಮನಸ್ಸು ಒಪ್ಪುವುದಿಲ್ಲ, ಯಾಕಂದ್ರೆ ಮೆಮೊರಿ ಇಂಟೆಗ್ರಿಟಿ ಇರೋದು ರಕ್ಷಣೆಗೆ. ನಿಮ್ಮದು ಹೇಗೂ ಪ್ರೊ. ಹೈಪರ್-ವಿ ಪುಕ್ಕಟೆ ಇದೆ. ಅದರ ಜೊತೆ ಗುದ್ದಾಡುವ ಬದಲು ವರ್ಚುವಲ್ ಮೆಷಿನ್ ಅನ್ನೇ ಅಲ್ಲಿಗೆ ಸಾಗಿಸಿ. ವರ್ಚುವಲ್‌ಬಾಕ್ಸ್‌ನ ಡಿಸ್ಕ್ ಫೈಲನ್ನು ಹೈಪರ್-ವಿಗೆ ಬೇಕಾದ ವಿಎಚ್‌ಡಿ ರೂಪಕ್ಕೆ ನಕಲು ಮಾಡಿಕೊಳ್ಳಬಹುದು, ವರ್ಚುವಲ್‌ಬಾಕ್ಸ್‌ನಲ್ಲೇ ಆ ಆಯ್ಕೆ ಇದೆ. ಹೈಪರ್-ವಿಯಲ್ಲಿ ಜನರೇಶನ್ 1 ಮೆಷಿನ್ ಮಾಡಿ ಆ ಡಿಸ್ಕ್ ಸೇರಿಸಿ. ಮೊದಲು ಬ್ಯಾಕಪ್ ತೆಗೆದುಕೊಳ್ಳಿ, ಮತ್ತೆ ವಿಂಡೋಸ್ ಆಕ್ಟಿವೇಶನ್ ಕೇಳಬಹುದು, ಕೀ ಕೈಯಲ್ಲಿರಲಿ. ಮಿಲ್‌ನಲ್ಲಿ ನಾನು ಇದನ್ನೇ ಮಾಡಿದೆ. ಅರ್ಧ ದಿನದ ಕೆಲಸ.

ಆಮೆ ಇಲ್ಲದಿದ್ದರೆ? ಆಗ ನೀವು ಕನೆಕ್ಟ್ ಆಗುತ್ತಿರುವುದು ಯಾವುದಕ್ಕೆ ಅಂತ ನೋಡಬೇಕು. ಇದು ಬಹಳ ಜನಕ್ಕೆ ಗೊತ್ತೇ ಇರೋದಿಲ್ಲ. ವರ್ಚುವಲ್‌ಬಾಕ್ಸ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಎರಡು ಥರ. ಒಂದು, ಡಿಸ್ಪ್ಲೇ ಸೆಟ್ಟಿಂಗ್ಸ್‌ನ ರಿಮೋಟ್ ಡಿಸ್ಪ್ಲೇ ಟ್ಯಾಬ್‌ನಲ್ಲಿ 'ಎನೇಬಲ್ ಸರ್ವರ್' ಅಂತ ಟಿಕ್ ಹಾಕಿದರೆ ಬರುವುದು. ಇದರಲ್ಲಿ ವರ್ಚುವಲ್‌ಬಾಕ್ಸ್ ತಾನೇ ಮೆಷಿನ್‌ನ ಮಾನಿಟರ್ ಚಿತ್ರವನ್ನು ಹಿಡಿದು ಕಳಿಸುತ್ತದೆ. ಇನ್ನೊಂದು, ಒಳಗಿರುವ ವಿಂಡೋಸ್ 10ರ ಸ್ವಂತ ರಿಮೋಟ್ ಡೆಸ್ಕ್‌ಟಾಪ್. ಎರಡಕ್ಕೂ ಮಾಮೂಲು ಪೋರ್ಟ್ (ನೆಟ್‌ವರ್ಕ್‌ನ ಬಾಗಿಲ ನಂಬರ್) 3389, ಎರಡಕ್ಕೂ ಕನೆಕ್ಟ್ ಆಗೋ ಪ್ರೋಗ್ರಾಂ ಒಂದೇ. ಅದಕ್ಕೇ ಗೊಂದಲ. ಗುರುತಿಸೋದು ಸುಲಭ: ಕನೆಕ್ಟ್ ಆಗಿದ್ದಾಗಲೇ ಒಳಗಿನ ವಿಂಡೋಸ್ ಅನ್ನು ರೀಸ್ಟಾರ್ಟ್ ಮಾಡಿ. ಕನೆಕ್ಷನ್ ಕಡಿಯದೆ ವರ್ಚುವಲ್‌ಬಾಕ್ಸ್ ಲೋಗೋ, ಬೂಟ್ ಆಗೋದು ಎಲ್ಲ ಕಂಡರೆ ನಿಮ್ಮದು ಮೊದಲನೆಯದು. ಪಟ್ಟಂತ ಕನೆಕ್ಷನ್ ಕಡಿದರೆ ಎರಡನೆಯದು.

ದಿನದ ಕೆಲಸಕ್ಕೆ ಎರಡನೆಯದೇ ಸರಿ. ಪರದೆಯ ಯಾವ ಭಾಗ ಬದಲಾಯಿತು, ಅದು ಅಕ್ಷರವೋ ಚಿತ್ರವೋ ಅಂತ ಒಳಗಿನ ವಿಂಡೋಸ್‌ಗೆ ಗೊತ್ತಿರುತ್ತದೆ. ಅದು ಬುದ್ಧಿಯಿಂದ ಕಳಿಸುತ್ತದೆ. ಇದಕ್ಕೆ ಮೆಷಿನ್‌ನ ನೆಟ್‌ವರ್ಕ್ ಅನ್ನು ನ್ಯಾಟ್‌ನಿಂದ (ಹೊರಗಿನ ಕಂಪ್ಯೂಟರ್ ಹಿಂದೆ ಅಡಗಿರೋದು) ಬ್ರಿಡ್ಜ್ಡ್‌ಗೆ (ಆಫೀಸಿನ ನೆಟ್‌ವರ್ಕ್‌ಗೆ ನೇರವಾಗಿ ಸೇರೋದು) ಬದಲಿಸಿ, ಆಗ ಅದಕ್ಕೆ ಆಫೀಸಿನ ನೆಟ್‌ವರ್ಕ್‌ನಲ್ಲಿ ಸ್ವಂತ ಐಪಿ ವಿಳಾಸ ಸಿಗುತ್ತದೆ. ಒಳಗೆ ಇರೋದು ಹೋಮ್ ಆವೃತ್ತಿ ಆಗಿದ್ದರೆ ಈ ದಾರಿ ಇಲ್ಲ, ನಿಮ್ಮದು ಪ್ರೊ, ಚಿಂತೆ ಇಲ್ಲ.

ಕಾರ್ಡ್ ವಿಷಯಕ್ಕೆ ಬರ್ತೀನಿ. ಲೆಕ್ಕ ನೋಡಿ. 1920 ಗುಣಿಸು 1080 ಅಂದರೆ ಸುಮಾರು 20.7 ಲಕ್ಷ ಚುಕ್ಕೆ. ಒಂದೊಂದಕ್ಕೆ 4 ಬೈಟ್, ಅಂದರೆ ಒಂದು ಪರದೆಗೆ 8 ಎಂಬಿಗಿಂತ ಸ್ವಲ್ಪ ಮೇಲೆ ಅನ್ನಿ. ಸೆಕೆಂಡಿಗೆ 30 ಸಲ ಹಾಗೇ ಕಳಿಸಿದರೆ 250 ಎಂಬಿ ಹತ್ತಿರ. ಯಾವ ಮನೆಯ ಕನೆಕ್ಷನ್ ತಡೆಯುತ್ತದೆ? ಹಾಗಾಗಿ ಬದಲಾದ ಭಾಗವನ್ನು ಮಾತ್ರ ತೆಗೆದು, ಹಿಂಡಿ, ಚಿಕ್ಕದು ಮಾಡಿ ಕಳಿಸುತ್ತದೆ. ಟೈಪ್ ಮಾಡುವಾಗ ಬದಲಾಗೋದು ಒಂದು ಅಕ್ಷರ. ಪ್ಲಾನ್ ಎಳೆದಾಡಿದರೆ ಇಡೀ ಪರದೆ ಬದಲಾಗುತ್ತದೆ. ಮೊದಲು ಆ ಚಿತ್ರವನ್ನು ಬಿಡಿಸಬೇಕು, ಆಮೇಲೆ ಹಿಂಡಬೇಕು. ವರ್ಚುವಲ್ ಮೆಷಿನ್ ಒಳಗೆ ನಿಜವಾದ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಎರಡೂ ಕೆಲಸ ಪ್ರೊಸೆಸರ್ ತಲೆ ಮೇಲೆ. ಒಳಗಿನ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ಸ್ಕ್ರಾಲ್ ಮಾಡಿ. ಸಿಪಿಯು ಶೇಕಡ 90 ದಾಟಿ ಹೋಗುತ್ತಾ, ಪರದೆ ಬಿಡಿಸುವ 'ಡೆಸ್ಕ್‌ಟಾಪ್ ವಿಂಡೋ ಮ್ಯಾನೇಜರ್' ಪಟ್ಟಿಯ ಮೇಲೆ ಬಂದು ಕೂರುತ್ತಾ ನೋಡಿ. ಕೂತರೆ ರೋಗ ಅಲ್ಲೇ ಇದೆ.

ಹಾಗಂತ ಹೊಸ ಕಾರ್ಡ್ ತಂದು ಕಂಪ್ಯೂಟರಿಗೆ ಚುಚ್ಚಿದರೆ ಅದು ತಾನಾಗಿ ವರ್ಚುವಲ್ ಮೆಷಿನ್ ಒಳಗೆ ಹೋಗೋದಿಲ್ಲ. ಇದನ್ನೇ ನೀವು ಗಮನಿಸಬೇಕು. ಹಳೇ ಲೇಖನಗಳಲ್ಲಿ ರಿಮೋಟ್‌ಎಫ್‌ಎಕ್ಸ್ ಮೂಲಕ ಕಾರ್ಡನ್ನು ಹೈಪರ್-ವಿ ಮೆಷಿನ್‌ಗೆ ಹಂಚಿಕೊಡಿ ಅಂತ ಬರೆದಿರುತ್ತಾರೆ. ಅದನ್ನು ಹುಡುಕುತ್ತಾ ಹೋಗಬೇಡಿ. ಭದ್ರತೆಯ ತೊಂದರೆಗಳಿಂದಾಗಿ ಮೈಕ್ರೋಸಾಫ್ಟ್ ಅದನ್ನು 2020ರ ಜುಲೈನಲ್ಲಿ ನಿಲ್ಲಿಸಿ, 2021ರ ಏಪ್ರಿಲ್‌ನಲ್ಲಿ ಕಿತ್ತೇ ಹಾಕಿತು. ಇಡೀ ಕಾರ್ಡನ್ನು ಒಂದು ಮೆಷಿನ್‌ಗೆ ಬಿಟ್ಟುಕೊಡುವ ದಾರಿ ವಿಂಡೋಸ್ ಸರ್ವರ್‌ನಲ್ಲಿದೆ, ಅದು ನಿಮ್ಮ ಅಳತೆಯ ಆಫೀಸಿಗೆ ಅತಿಯಾಯಿತು.

ವರ್ಚುವಲ್‌ಬಾಕ್ಸ್‌ನಲ್ಲೇ ಉಳಿಯೋದಾದರೆ ಪುಕ್ಕಟೆ ಮಾಡಬಹುದಾದದ್ದು ಇವು. ಗೆಸ್ಟ್ ಅಡಿಶನ್ಸ್ (ಒಳಗಿನ ವಿಂಡೋಸ್‌ಗೆ ವರ್ಚುವಲ್‌ಬಾಕ್ಸ್ ಕೊಡುವ ಡ್ರೈವರ್‌ಗಳು) ಹಾಕಿದೆಯಾ ನೋಡಿ, ಇಲ್ಲದಿದ್ದರೆ ಉಳಿದಿದ್ದೆಲ್ಲ ವ್ಯರ್ಥ. ವಿಡಿಯೋ ಮೆಮೊರಿಯನ್ನು 128 ಎಂಬಿಗೆ ಎಳೆಯಿರಿ. ಗ್ರಾಫಿಕ್ಸ್ ಕಂಟ್ರೋಲರ್ ಅನ್ನೋ ಆಯ್ಕೆಯಲ್ಲಿ ವಿಂಡೋಸ್‌ಗೆ ವಿಬಾಕ್ಸ್‌ಎಸ್‌ವಿಜಿಎ ಇರಲಿ. ಮತ್ತೆ ದಯವಿಟ್ಟು ನಾಲ್ಕಕ್ಕೆ ನಾಲ್ಕೂ ಕೋರ್ ಒಳಗಿನ ಮೆಷಿನ್‌ಗೆ ಕೊಡಬೇಡಿ. ಜಾಸ್ತಿ ಕೊಟ್ಟರೆ ಜಾಸ್ತಿ ಓಡುತ್ತದೆ ಅಂತ ಅನ್ನಿಸುತ್ತದೆ, ಆದರೆ ಹೊರಗಿನ ವಿಂಡೋಸ್‌ಗೂ ಉಸಿರಾಡಲು ಜಾಗ ಬೇಕಲ್ವಾ? ಎರಡು ಕೊಡಿ. ಆ ಸ್ಲೈಡರ್ ಕೆಳಗೆ ಹಸಿರು, ಕೆಂಪು ಪಟ್ಟಿ ಹಾಕಿರೋದು ಅದಕ್ಕೇ. ಆಟೋಕ್ಯಾಡ್ ಬಳಸುತ್ತಿದ್ದರೆ 'ಗ್ರಾಫಿಕ್ಸ್‌ಕಾನ್ಫಿಗ್' ಕಮಾಂಡ್ ಕೊಟ್ಟು ಹಾರ್ಡ್‌ವೇರ್ ಆಕ್ಸಿಲರೇಶನ್ ಆಫ್ ಮಾಡಿ ನೋಡಿ. ಕಾರ್ಡ್ ಇಲ್ಲದ ಕಡೆ ಟೂಡಿ ಕೆಲಸಕ್ಕೆ ನನಗೆ ಅದೇ ಹಿಡಿಸಿದೆ.

ಒಂದು ಮಾತು ಕೇಳ್ತೀನಿ, ಬೇಜಾರಾಗಬೇಡಿ. ಡ್ರಾಯಿಂಗ್ ಕೆಲಸಕ್ಕೆ ವರ್ಚುವಲ್ ಮೆಷಿನ್ ಯಾಕೆ ಬೇಕಾಯಿತು? ದಾಲ್ ಮಿಲ್‌ಗೆ ಹಳೇ ಸಾಫ್ಟ್‌ವೇರ್ ಅನ್ನೋ ಕಾರಣ ಇತ್ತು. ನಿಮ್ಮ ಡ್ರಾಯಿಂಗ್ ಸಾಫ್ಟ್‌ವೇರ್ ವಿಂಡೋಸ್ 11ರಲ್ಲಿ ಓಡುವುದಾದರೆ ಅದನ್ನು ಹೊರಗೇ ಹಾಕಿ, ನೇರವಾಗಿ ಆ ಕಂಪ್ಯೂಟರಿಗೇ ಕನೆಕ್ಟ್ ಆಗಿ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಆದರೂ ಕೆಲಸಕ್ಕೆ ಬರುತ್ತದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ಅದೂ ಒಂದು ನೆಪ. ನನ್ನ ಕೈಲಿದ್ದರೆ ನಾನು ಇದನ್ನೇ ಮೊದಲು ಮಾಡುತ್ತಿದ್ದೆ.

ದಾರಿಯ ತೊಂದರೆ ಅಂತಾದರೆ, 100 ಎಂಬಿಪಿಎಸ್ ಮಾಡಿಸಿದ್ದು ನಿಮ್ಮ ಮನೆಯ ಡೌನ್‌ಲೋಡ್. ಪರದೆ ಹೊರಡೋದು ಆಫೀಸಿನ ಅಪ್‌ಲೋಡ್‌ನಿಂದ. ಅದನ್ನು ಅಳೆಯಿರಿ. ಆಮೇಲೆ ಪಿಂಗ್ (ಸಂದೇಶ ಹೋಗಿ ಬರಲು ಹಿಡಿಯುವ ಸಮಯ) ನೋಡಿ. 40 ಮಿಲಿಸೆಕೆಂಡ್ ಒಳಗಿದ್ದರೆ ಗೊತ್ತೇ ಆಗೋದಿಲ್ಲ, 150 ದಾಟಿದರೆ ಮೌಸ್ ಎಳೆದ ಹಾಗಾಗುತ್ತದೆ. ಬೀದರ್‌ನಿಂದ ಕಲಬುರಗಿಗೆ ಬಸ್ಸು ಹುಮನಾಬಾದ್ ಮೇಲೆ ಬರುತ್ತದೆ, ಇಂಟರ್‌ನೆಟ್‌ನ ಪ್ಯಾಕೆಟ್ (ಡೇಟಾದ ತುಂಡು) ಹಾಗೆ ಬರಬೇಕಂತಿಲ್ಲ. ಎರಡೂ ಕಡೆ ಬೇರೆ ಬೇರೆ ಕಂಪನಿಯ ಕನೆಕ್ಷನ್ ಇದ್ದರೆ ಯಾವುದೋ ದೊಡ್ಡ ಊರು ಸುತ್ತಿ ಬರಬಹುದು. ಎಷ್ಟು ಎಂಬಿಪಿಎಸ್ ಮಾಡಿಸಿದರೂ ಆ ಸುತ್ತು ಕಡಿಮೆ ಆಗೋದಿಲ್ಲ.

ರಿಮೋಟ್ ಡೆಸ್ಕ್‌ಟಾಪ್ ಪೂರ್ತಿ ಪರದೆಯಲ್ಲಿದ್ದಾಗ ಮೇಲಿನ ನೀಲಿ ಪಟ್ಟಿಯಲ್ಲಿ ಮೊಬೈಲ್ ಸಿಗ್ನಲ್ ಥರದ ಕಡ್ಡಿಗಳಿವೆ. ಅದನ್ನು ಒತ್ತಿ. ಯುಡಿಪಿ (ಕಳೆದ ಪ್ಯಾಕೆಟ್‌ಗೆ ಕಾಯದೆ ಕಳಿಸುವ ರೀತಿ) ಆನ್ ಇದೆಯಾ ಅಂತ ಅಲ್ಲೇ ಹೇಳುತ್ತದೆ. ಇಲ್ಲ ಅಂದರೆ ಎಲ್ಲ ಟಿಸಿಪಿ ಮೇಲೆ ಹೋಗುತ್ತಿದೆ, ಅದರಲ್ಲಿ ಒಂದು ಪ್ಯಾಕೆಟ್ ಕಳೆದರೆ ಅದರ ಹಿಂದೆ ಬರುವವೆಲ್ಲ ಕಾಯುತ್ತವೆ. ಆದರೆ ಇದಕ್ಕಾಗಿ ರೌಟರ್‌ನಲ್ಲಿ 3389 ಅನ್ನು ಹೊರಗಿನವರಿಗೆ ತೆರೆದಿಡಬೇಡಿ, ಪಾಸ್‌ವರ್ಡ್ ಊಹಿಸುವ ಬಾಟ್‌ಗಳು ಹಗಲು ರಾತ್ರಿ ಬಾಗಿಲು ಬಡಿಯುತ್ತವೆ. ವೈರ್‌ಗಾರ್ಡ್ ಥರದ ವಿಪಿಎನ್ (ಮನೆಗೂ ಆಫೀಸಿಗೂ ನಡುವೆ ಖಾಸಗಿ ದಾರಿ) ಹಾಕಿ, ಅದು ಓಡೋದೇ ಯುಡಿಪಿ ಮೇಲೆ.

ಕನೆಕ್ಟ್ ಆಗುವ ಮುಂಚಿನ ಎಕ್ಸ್‌ಪೀರಿಯನ್ಸ್ ಟ್ಯಾಬ್‌ನಲ್ಲಿ ವಾಲ್‌ಪೇಪರ್, ಅನಿಮೇಶನ್, ಎಳೆಯುವಾಗ ವಿಂಡೋದ ಒಳಗಿನದ್ದನ್ನು ತೋರಿಸೋದು, ಈ ಮೂರರ ಟಿಕ್ ತೆಗೆಯಿರಿ. ಫಾಂಟ್ ಸ್ಮೂದಿಂಗ್ (ಅಕ್ಷರದ ಅಂಚು ನಯ ಮಾಡೋದು) ಟಿಕ್ ಮಾತ್ರ ಹಾಗೇ ಇರಲಿ. ಎಲ್ಲ ಕಡೆ ಅದನ್ನೂ ತೆಗೆಯಿರಿ ಅಂತಾರೆ. ಅವರಿಗೇನು, ಅವರು ಓದೋದು ಇಂಗ್ಲಿಷ್. ಅದು ಇಲ್ಲದಿದ್ದರೆ ಸಣ್ಣ ಅಕ್ಷರದ ಕನ್ನಡದಲ್ಲಿ 'ಲಕ್ಷ್ಮಿ' ಬರೆದರೆ ಒತ್ತಕ್ಷರ ಎಲ್ಲ ಸೇರಿ ಒಂದು ಇರುವೆ ಗುಂಪು ಕಂಡ ಹಾಗೆ ಕಾಣುತ್ತದೆ.

ಇನ್ನೊಂದು ಕೇಳೋದು ಮರೆತೆ. ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ಎರಡರ ಮೇಲೆ ಎಳೆಯುತ್ತದಾ? ಕಲಬುರಗಿ ಬಿಸಿಲು ನಿಮಗೆ ಗೊತ್ತಲ್ಲ, ಏಪ್ರಿಲ್ ಮೇ ಅಂದರೆ 40 ದಾಟುತ್ತದೆ. ಕಂಪ್ಯೂಟರ್ ಟೇಬಲ್ ಕೆಳಗಿನ ಮುಚ್ಚಿದ ಕಪಾಟಿನಲ್ಲಿದ್ದರೆ ಪ್ರೊಸೆಸರ್ ಸುಡದಿರಲಿ ಅಂತ ತಾನೇ ವೇಗ ಇಳಿಸಿಕೊಳ್ಳುತ್ತದೆ. ಎಲ್ಲ ಕೆಲಸ ಅದರ ಮೇಲೇ ಬಿದ್ದಿರುವಾಗ ಮೊದಲು ಕಾಣೋದು ಪರದೆಯಲ್ಲೇ. ಮಿಲ್‌ನ ಕಂಪ್ಯೂಟರನ್ನು ಹೈಪರ್-ವಿಗೆ ಸಾಗಿಸಿದ ಮೇಲೂ ಮಧ್ಯಾಹ್ನ ತಡವರಿಸುತ್ತಿತ್ತು. ಬಿಚ್ಚಿ ನೋಡಿದರೆ ಪ್ರೊಸೆಸರ್ ತಂಪು ಮಾಡುವ ಹೀಟ್‌ಸಿಂಕ್ ಸಂದಿಯಲ್ಲಿ ತೊಗರಿ ಹೊಟ್ಟಿನ ದೂಳು ಕಂಬಳಿ ಹಾಸಿದ ಹಾಗೆ ಕೂತಿತ್ತು. ನಿಮ್ಮದನ್ನೂ ಒಂದು ಸಲ ಆಫ್ ಮಾಡಿಸಿ, ಅಂಗಳಕ್ಕೆ ಒಯ್ದು ಬ್ಲೋವರ್ ಹಿಡಿಸಿ. ಊದುವಾಗ ಫ್ಯಾನ್‌ನ ರೆಕ್ಕೆ ಬೆರಳಲ್ಲಿ ಹಿಡಿದಿರಲು ಹೇಳಿ, ಇಲ್ಲಾಂದ್ರೆ ಗಾಳಿಗೆ ಜೋರಾಗಿ ತಿರುಗಿ ಅದರ ಬೇರಿಂಗ್ ಹೋಗುತ್ತದೆ.