ಫ್ಲೈಟ್ ರದ್ದಾದರೆ ಟಿಕೆಟ್ ದುಡ್ಡು ಮಾತ್ರಾನಾ, ಪರಿಹಾರವೂ ಸಿಗುತ್ತಾ?

ಬೆಂಗಳೂರು–ದೆಹಲಿ ಫ್ಲೈಟ್ ಹೊರಡುವ ಮೂರು ಗಂಟೆ ಮುಂಚೆ ರದ್ದಾಯಿತು, ಟಿಕೆಟ್ ದುಡ್ಡು ವಾಪಸ್ ಕೊಟ್ಟು ಕೈತೊಳೆದುಕೊಂಡರು, ಇನ್ನೇನಾದರೂ ಕೇಳಬಹುದಾ ಅಂತ ಕೇಳಿದ್ದೀರಿ. ಖಂಡಿತ ಕೇಳಬಹುದು. ವಾಪಸ್ ಬಂದಿದ್ದು ನಿಮ್ಮದೇ ದುಡ್ಡು, ಅದು ಪರಿಹಾರ ಅಲ್ಲ.

ಕಡೇಪಕ್ಷ 24 ಗಂಟೆ ಮುಂಚೆಯೂ ತಿಳಿಸದೆ ರದ್ದು ಮಾಡಿದರೆ, ಡಿಜಿಸಿಎ (ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ) ನಿಯಮದ ಪ್ರಕಾರ ಪರಿಹಾರ ಬೇರೆ ಕೊಡಬೇಕು. ಒಂದು ಗಂಟೆಯೊಳಗಿನ ಪ್ರಯಾಣಕ್ಕೆ 5,000 ರೂಪಾಯಿ, ಎರಡು ಗಂಟೆವರೆಗೆ 7,500, ಅದಕ್ಕಿಂತ ಜಾಸ್ತಿ ಇದ್ದರೆ 10,000. ದೆಹಲಿ ಕೊನೆಯದರಲ್ಲಿ ಬರುತ್ತದೆ. ಆದರೆ ಇಲ್ಲೊಂದು ಕೊಕ್ಕೆ ಇದೆ: ಈ ಮೊತ್ತ ಅಥವಾ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ ಸೇರಿಸಿದ ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಅಗ್ಗದ ಟಿಕೆಟ್ ಆಗಿದ್ದರೆ ಹತ್ತು ಸಾವಿರದ ಆಸೆ ಬಿಡಿ.

ಜಗಳ ಆಗೋದು ಕಾರಣದ ಮೇಲೆ. ಹವಾಮಾನ, ಭದ್ರತೆ, ಏರ್ ಟ್ರಾಫಿಕ್ ಕಂಟ್ರೋಲ್‌ನಂಥ ಕಂಪನಿಯ ಕೈಮೀರಿದ ಕಾರಣ ಇದ್ದರೆ ಪರಿಹಾರ ಇಲ್ಲ. ನನಗೆ ಹೀಗೇ ಆದಾಗ ಕೌಂಟರಿನಲ್ಲಿದ್ದ ಹುಡುಗ "ವೆದರ್ ಸರಿಯಿಲ್ಲ ಸರ್" ಅಂದ. ಪಕ್ಕದ ಗೇಟಿನಿಂದ ಅದೇ ಊರಿಗೆ ಬೇರೆ ಕಂಪನಿಯ ಫ್ಲೈಟ್ ಆರಾಮಾಗಿ ಹೊರಟಿತು! ಬೋರ್ಡಿನ ಫೋಟೋ ತೆಗೆದುಕೊಂಡೆ. ಕಾರಣ ಏನು ಅಂತ ಇಮೇಲ್‌ನಲ್ಲಿ ಕೇಳಿದೆ. "ಆಪರೇಷನಲ್ ರೀಸನ್", ಅಂದರೆ ಕಾರ್ಯಾಚರಣೆಯ ಕಾರಣ ಅಂತ ಉತ್ತರ ಬಂತು, ಹವಾಮಾನದ ಸುದ್ದಿಯೇ ಇಲ್ಲ. ಆ ಇಮೇಲ್ ಮತ್ತು ಫೋಟೋ ಸೇರಿಸಿ ಏರ್‌ಸೇವಾದಲ್ಲಿ (ವಿಮಾನಯಾನದ ದೂರುಗಳಿಗಿರುವ ಸರ್ಕಾರಿ ಪೋರ್ಟಲ್) ದೂರು ಹಾಕಿದ ಮೇಲೆಯೇ ಕಂಪನಿ ದಾರಿಗೆ ಬಂದಿದ್ದು. ಅದಕ್ಕೇ ಹೇಳೋದು, ಕೌಂಟರಿನಲ್ಲಿ ಸುಮ್ನೆ ಕೂಗಾಡಬೇಡಿ, ಬರಹದಲ್ಲಿ ಕೇಳಿ. ಏರ್‌ಸೇವಾದಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ, ವಕೀಲರಿಲ್ಲದೆ ನೀವೇ ದೂರು ಕೊಡಬಹುದು.

ಫ್ಲೈಟ್ ಬರೀ ತಡವಾದರೆ ನಮ್ಮಲ್ಲಿ ಈ ಥರ ನಗದು ಪರಿಹಾರ ಇಲ್ಲ. ಊಟ ತಿಂಡಿ ಕೊಡಬೇಕು, ಆರು ಗಂಟೆ ಮೀರಿದರೆ ಬೇರೆ ಫ್ಲೈಟ್ ಅಥವಾ ಪೂರ್ತಿ ದುಡ್ಡು.

ಇನ್ನೊಂದು ವಿಷಯ. ಬುಕಿಂಗ್ ಮಾಡುವಾಗ ಸರಿಯಾದ ಫೋನ್ ನಂಬರ್ ಕೊಡದವರಿಗೆ ಪರಿಹಾರ ಇಲ್ಲ ಅಂತಲೂ ನಿಯಮದಲ್ಲಿದೆ. ಏಜೆಂಟರು ಎಷ್ಟೋ ಸಲ ತಮ್ಮ ನಂಬರನ್ನೇ ಹಾಕಿರುತ್ತಾರೆ. ದೂರು ಬರೆಯುವ ಮುಂಚೆ ನಿಮ್ಮ ಟಿಕೆಟಿನಲ್ಲಿ ಯಾರ ನಂಬರ್ ಇದೆ ನೋಡಿ.