ದೇವರ ಮೇಲೇ ಸಿಟ್ಟು ಬಂದಾಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಐವತ್ತು ದಾಟಿದ ಒಬ್ಬರನ್ನು ಮಗಳೇ ಆಪ್ತಸಲಹೆಗೆಂದು ನನ್ನ ಬಳಿಗೆ ಕರೆತಂದಿದ್ದಳು. ಕ್ಯಾನ್ಸರಿನಿಂದ ಪತ್ನಿ ತೀರಿಕೊಂಡು ಏಳು ತಿಂಗಳಾಗಿತ್ತು. ಕೆಲಸಕ್ಕೆ ಹೋಗುತ್ತಿದ್ದರು, ಆದರೆ ನಿದ್ದೆ ಕೆಟ್ಟಿತ್ತು, ಮೈ ಇಳಿದಿತ್ತು. ಮಗಳನ್ನು ಹೆಚ್ಚು ಹೆದರಿಸಿದ್ದು ಬೇರೆ ಸಂಗತಿ: ಚರ್ಚಿನ ಸಭೆಯ ಹಿರಿಯರಾಗಿ ಸಾವಿನ ಮನೆಗಳಿಗೆಲ್ಲ ಹೋಗಿ ಪ್ರಾರ್ಥನೆ ನಡೆಸುತ್ತಿದ್ದ ತಂದೆ ಈಗ ಆರಾಧನೆಗೇ ಹೋಗುತ್ತಿಲ್ಲ. "ಅಪ್ಪನ ನಂಬಿಕೆ ಹೋಗಿಬಿಟ್ಟಿದೆ" ಎಂದಳು.

ಮಗಳನ್ನು ಹೊರಗೆ ಕೂರಿಸಿ ಮಾತನಾಡಿಸಿದಾಗ ತಿಳಿದದ್ದು ಬೇರೆಯೇ. "ಪ್ರಾರ್ಥನೆಗೆ ಮೊಣಕಾಲೂರಿದರೆ ಸಿಟ್ಟು ಉಕ್ಕುತ್ತದೆ. ಅಂಥ ಮನಸ್ಸಿಟ್ಟುಕೊಂಡು ಕರ್ತನ ಮುಂದೆ ನಿಲ್ಲುವುದು ಪಾಪವಲ್ಲವೇ? ಅದಕ್ಕೇ ಬಿಟ್ಟಿದ್ದೇನೆ" ಎಂದರು. ಅಂದರೆ ಅವರನ್ನು ದೂರವಿಟ್ಟದ್ದು ಅಪನಂಬಿಕೆಯಲ್ಲ, ಭಯಭಕ್ತಿ.

ಸಮಾಧಾನ ಹೇಳಲು ಬಂದವರ ಮಾತುಗಳು ಗಾಯವನ್ನು ಆಳಗೊಳಿಸಿದ್ದವು. "ಕರ್ತನಿಗೆ ಆಕೆ ಬೇಕಾಗಿದ್ದಳು" ಎಂದವರನ್ನು ಅವರು ಸಹಿಸಿಕೊಂಡಿದ್ದರು. "ಇನ್ನಷ್ಟು ನಂಬಿಕೆಯಿಂದ ಬೇಡಿಕೊಂಡಿದ್ದರೆ ಗುಣವಾಗುತ್ತಿತ್ತು" ಎಂಬ ಮಾತನ್ನು ಮಾತ್ರ ನುಂಗಲಾಗಲಿಲ್ಲ. ದುಃಖದಲ್ಲಿರುವವರ ತಲೆಯ ಮೇಲೆ ಸಾವಿನ ಹೊಣೆಯನ್ನೂ ಹೊರಿಸುವ ಈ ಮಾತಿನಷ್ಟು ಕ್ರೂರವಾದದ್ದನ್ನು ನಾನು ಹೆಚ್ಚು ಕೇಳಿಲ್ಲ. ಅವರಿಗೆ ಚುಚ್ಚುತ್ತಿದ್ದ ಇನ್ನೊಂದು ಸಂಗತಿಯೂ ಇತ್ತು: ಹಿಂದೆ ಇಂಥದೇ ಮಾತನ್ನು ತಾವೂ ಇತರರಿಗೆ ಹೇಳಿದ್ದರು.

ಮಾತಿನ ನಡುವೆ "ನಾನೂ ಬೇಗ ಕರ್ತನ ಬಳಿಗೆ ಹೋಗಬೇಕು" ಎಂದರು. ವಿಶ್ವಾಸಿಗಳ ಬಾಯಲ್ಲಿ ಇದು ಪರಲೋಕದ ನಿರೀಕ್ಷೆಯ ಮಾತಿರಬಹುದು, ಸಾಯುವ ಯೋಚನೆಯೂ ಇರಬಹುದು. ಊಹಿಸುತ್ತಾ ಕೂರುವುದು ಅಪಾಯ. "ನಿಮ್ಮ ಜೀವವನ್ನು ನೀವೇ ತೆಗೆದುಕೊಳ್ಳುವ ಯೋಚನೆ ಬಂದಿದೆಯೇ?" ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದರು, ಆಕೆಯನ್ನು ನೋಡಬೇಕೆಂಬ ಹಂಬಲ ಮಾತ್ರ. ನಿದ್ದೆ ಮತ್ತು ತೂಕದ ವಿಚಾರಕ್ಕೆ ವೈದ್ಯರ ಬಳಿಗೆ ಕಳುಹಿಸಿದೆ. ದುಃಖಕ್ಕೆ ಕಾಯಿಲೆಯ ಹೆಸರು ಕೊಡಲು ಹೋಗಲಿಲ್ಲ. ದೀರ್ಘಕಾಲದ ಶೋಕದ ಸಮಸ್ಯೆಯನ್ನು ಗುರುತಿಸಲು ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಕನಿಷ್ಠ 6 ತಿಂಗಳು ಎನ್ನುತ್ತದೆ, ಅಮೆರಿಕದ ಮನೋವೈದ್ಯರ ಕೈಪಿಡಿ ವಯಸ್ಕರಿಗೆ 12 ತಿಂಗಳು ಎನ್ನುತ್ತದೆ. ಎರಡರಲ್ಲೂ ಅವಧಿಯೊಂದೇ ಸಾಲದು, ದಿನನಿತ್ಯದ ಬದುಕು ಕುಸಿದಿರಬೇಕು.

ದೇವರೊಂದಿಗಿನ ಜಗಳವನ್ನು ಮಾತ್ರ ಹಗುರವಾಗಿ ಕಾಣಲಿಲ್ಲ. ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನವು, ದೇವರು ತಮ್ಮನ್ನು ಕೈಬಿಟ್ಟಿದ್ದಾನೆ ಎಂದುಕೊಂಡು ಒಳಗೊಳಗೇ ನರಳುವ ವೃದ್ಧ ರೋಗಿಗಳಲ್ಲಿ ಸಾವಿನ ಅಪಾಯ ಹೆಚ್ಚಿದ್ದುದನ್ನು ಗುರುತಿಸಿತ್ತು. ಈ ನೋವಿಗೆ ಮಾತಿನ ದಾರಿ ಬೇಕೇ ಬೇಕು.

ಆ ದಾರಿ ಅವರ ಕೈಯಲ್ಲಿದ್ದ ಸತ್ಯವೇದದಲ್ಲೇ (ಬೈಬಲಿನಲ್ಲೇ) ಇತ್ತು. ಬೋಧನೆ ನನ್ನ ಕೆಲಸವಲ್ಲ, ಹಾಗಾಗಿ ಪ್ರಶ್ನೆ ಕೇಳಿದೆ: "ದೇವರನ್ನು ಅತಿ ಹೆಚ್ಚು ತರಾಟೆಗೆ ತೆಗೆದುಕೊಂಡವರು ಯಾರು?" ತಕ್ಷಣ "ಯೋಬ" ಎಂದರು, ಮಕ್ಕಳು, ಆಸ್ತಿ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ನೀತಿವಂತ. "ಕೊನೆಯಲ್ಲಿ ದೇವರು ಗದರಿಸಿದ್ದು ಯಾರನ್ನು?" ಸ್ವಲ್ಪ ತಡೆದು, "ಅವನ ಸ್ನೇಹಿತರನ್ನು" ಎಂದರು. ಮೊದಲ ಏಳು ದಿನ ಬಾಯಿ ತೆರೆಯದೆ ಅವನ ಪಕ್ಕದಲ್ಲಿ ಕುಳಿತಿದ್ದ ಸ್ನೇಹಿತರು ಆಮೇಲೆ ದೇವರ ಪರವಾಗಿ ವಕಾಲತ್ತು ವಹಿಸಿದರು. ಯೋಬನೋ ದೇವರೊಡನೆಯೇ ವಾದಿಸಿದ. ಆದರೂ ಅವನೇ ಸರಿಯಾಗಿ ಮಾತನಾಡಿದನೆಂದು ಯೋಬನ ಗ್ರಂಥದ 42ನೆಯ ಅಧ್ಯಾಯದಲ್ಲಿ ದೇವರ ತೀರ್ಪು. ಇದನ್ನು ಅವರು ಹಲವು ಸಲ ಓದಿದ್ದರು, ತಮಗೆ ಅನ್ವಯಿಸಿಕೊಂಡಿರಲಿಲ್ಲ. ನಂಬಿಕೆ ಕಡಿಮೆಯಾಯಿತು ಎಂಬ ಆರೋಪದ ಮಾತು ಬಂದಾಗ ಯೇಸುವಿನ ಅಪೊಸ್ತಲನಾದ ಪೌಲನ ಶರೀರದಲ್ಲಿ ನಾಟಿದ್ದ ಮುಳ್ಳನ್ನು, ಅಂದರೆ ಅವನನ್ನು ಬಿಡದೆ ಕಾಡಿದ ಬಾಧೆಯನ್ನು, ಅವರೇ ನೆನಪಿಸಿಕೊಂಡರು: ಮೂರು ಸಲ ಬೇಡಿಕೊಂಡರೂ ಅದು ಹೋಗಲಿಲ್ಲ. ಪೌಲನ ನಂಬಿಕೆ ಕಡಿಮೆಯಿತ್ತೆಂದು ಯಾವ ಸಭೆಯೂ ಹೇಳುವುದಿಲ್ಲ.

ನಾನು ಕೊಟ್ಟ ಅಭ್ಯಾಸ ಇಷ್ಟೇ. ದಿನಕ್ಕೊಮ್ಮೆ, ನಿಗದಿತ ಸಮಯದಲ್ಲಿ, ಆ ಸಿಟ್ಟನ್ನೇ ಕರ್ತನಿಗೆ ಬರೆಯುವುದು. ಮಾದರಿಗೆ ಸತ್ಯವೇದದ ಪ್ರಾರ್ಥನಾಗೀತೆಗಳಲ್ಲಿ ಒಂದಾದ 13ನೆಯ ಕೀರ್ತನೆ: ಇನ್ನೆಷ್ಟು ಕಾಲ ನನ್ನನ್ನು ಮರೆತಿರುವೆ ಎಂಬ ಆಪಾದನೆಯಿಂದಲೇ ಅದು ಆರಂಭವಾಗುತ್ತದೆ. ಅದು ಭರವಸೆಯಲ್ಲಿ ಮುಗಿಯುತ್ತದೆಂದು ಇವರೂ ಹಾಗೆಯೇ ಮುಗಿಸಬೇಕಾಗಿಲ್ಲ. 88ನೆಯ ಕೀರ್ತನೆ ಕತ್ತಲೆಯಲ್ಲೇ ನಿಲ್ಲುತ್ತದೆ, ಆದರೂ ಅದು ಪ್ರಾರ್ಥನೆಯೇ. ಶಿಲುಬೆಯ ಮೇಲೆ ಯೇಸು ಕೂಗಿದ "ಯಾಕೆ ಕೈಬಿಟ್ಟೆ" ಎಂಬ ಮಾತೂ 22ನೆಯ ಕೀರ್ತನೆಯದು. ಇದನ್ನು ಕೇಳಿ ಅವರು ಅತ್ತರು. ಪತ್ನಿಯ ಅಂತ್ಯಕ್ರಿಯೆಯಲ್ಲೂ ಅತ್ತಿರಲಿಲ್ಲವಂತೆ, ಹಿರಿಯರಾದವರು ನಂಬಿಕೆಗೆ ಸಾಕ್ಷಿಯಾಗಿ ನಿಲ್ಲಬೇಕೆಂದು.

ಆರಾಧನೆಗೆ ಹೋಗುವುದಾದರೆ ಹಿಂದಿನ ಸಾಲಿನಲ್ಲಿ ಕುಳಿತು ಬನ್ನಿ, ಹಾಡಲಾಗದಿದ್ದರೆ ಸುಮ್ಮನಿರಿ ಎಂದೆ. ಸಾವಿನ ಮನೆಗಳ ಜವಾಬ್ದಾರಿಯಿಂದ ಸದ್ಯಕ್ಕೆ ಬಿಡುವು ಕೊಡುವಂತೆ ಪಾಸ್ಟರನ್ನು ಕೇಳಲು ಹೇಳಿದೆ, ಅವರು ಒಪ್ಪಿದರು. ಊಟ, ನಿದ್ದೆಯ ವಿಚಾರದಲ್ಲಿ ಕಟ್ಟುನಿಟ್ಟಾಗಿದ್ದೆ. ಸಾವನ್ನೇ ಬೇಡಿದ ಪ್ರವಾದಿ ಎಲೀಯನಿಗೂ ದೇವದೂತನು ಮೊದಲು ಕೊಟ್ಟದ್ದು ರೊಟ್ಟಿ ಮತ್ತು ನೀರು, ಉಪದೇಶವಲ್ಲ.

ಮಗಳಿಗೆ ಬೇರೆ ಸಲಹೆ. ಪ್ರತಿ ಬೆಳಿಗ್ಗೆ ಮೊಬೈಲಿಗೆ ಸತ್ಯವೇದದ ವಚನ ಕಳುಹಿಸುವುದನ್ನು ನಿಲ್ಲಿಸಿ, ಅಮ್ಮನ ಹೆಸರು ಹಿಡಿದು ಅಪ್ಪನೊಡನೆ ಮಾತನಾಡಬೇಕು. ಆ ಹೆಸರು ಮನೆಯಲ್ಲಿ ಯಾರ ಬಾಯಲ್ಲೂ ಬರದೆ ತಿಂಗಳುಗಳಾಗಿದ್ದವು.

ಈಗ ನಿದ್ದೆ ಸುಧಾರಿಸಿದೆ. ಪ್ರಾರ್ಥಿಸುತ್ತಾರೆ, ಹೆಚ್ಚಾಗಿ ಜಗಳದ ಧಾಟಿಯಲ್ಲಿ. ಆಕೆಗೇ ಏಕೆ ಹೀಗಾಯಿತು ಎಂಬ ಪ್ರಶ್ನೆ ಹಾಗೆಯೇ ಇದೆ, ನನ್ನ ಬಳಿಯೂ ಉತ್ತರವಿಲ್ಲ. ವರ್ಷದ ನೆನಪಿನ ದಿನ ಹತ್ತಿರವಾದಾಗ ದುಃಖ ಮತ್ತೆ ಏರುವುದು ಸಾಮಾನ್ಯ, ಹಾಗಾಗಿ ಮುಂದಿನ ಭೇಟಿಯನ್ನು ಅದಕ್ಕೆ ಮೊದಲೇ ಇಟ್ಟಿದ್ದೇವೆ. ಅಷ್ಟರಲ್ಲಿ ಅವರು ಊಟ ಬಿಟ್ಟರೆ, ವಸ್ತುಗಳನ್ನು ಹಂಚತೊಡಗಿದರೆ ಅಥವಾ ವಿದಾಯದ ಮಾತನಾಡಿದರೆ ಭೇಟಿಯ ದಿನಕ್ಕೆ ಕಾಯದೆ, ಅವರನ್ನು ಒಂಟಿಯಾಗಿ ಬಿಡದೆ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕೆಂದು ಮಗಳಿಗೆ ತಿಳಿಸಿದ್ದೇನೆ.