ನೇಪಾಳದ ಅನಾಥಾಶ್ರಮಕ್ಕ ಎರಡ ವಾರ ಹೋಗಿಬರ್ಲೇನ್ರಿ ಅಕ್ಕಾರ ಅಂತ ಕೇಳಿದ ತಮ್ಮಗ

ತಮ್ಮಾ, ನಿನ್ನ ಮೆಸೇಜ್ ಓದಿದೆ. ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ನಾಕ ತಿಂಗಳಾತು, ಕೆಲಸ ಸೆಟ್ ಆಗೇತಿ, ಶನಿವಾರ ರವಿವಾರ ರೂಮಿನ್ಯಾಗ ಒಬ್ಬನ ಕುಂತ್ರ ಹುಬ್ಬಳ್ಳಿ ಕೇಶ್ವಾಪುರದ ಮನಿ ನೆನಪಾಗತೈತಿ, ಅದಕ್ಕ ಏನರ ಒಳ್ಳೆ ಕೆಲಸ ಮಾಡೂಣು ಅಂತ ಒಂದ ಕಂಪನಿ ಮೂಲಕ ಎರಡ ವಾರ ನೇಪಾಳದ ಅನಾಥಾಶ್ರಮಕ್ಕ ವಾಲಂಟಿಯರ್ ಆಗಿ ಹೊಂಟೀನಿ, ಡೆಪಾಸಿಟ್ ಕಟ್ಟೀನಿ, ಆಫೀಸಿನ್ಯಾಗ ರೊಕ್ಕ ಕೂಡಿಸಿ ಊರ ಕಡೆ ಹುಡುಗರಿಗೂ ಕಳಸಬೇಕಂತ ಮಾಡೀನಿ, ಹೆಂಗ ಮಾಡ್ಲಿ ಅಕ್ಕಾರ ಅಂತ ಕೇಳಿದಿ. ಮನಸ್ಸು ಒಳ್ಳೇದೈತಿ ನಿಂದು. ಆದ್ರ ಆ ನೇಪಾಳದ ಪ್ಯಾಕೇಜ್ ಬಿಟ್ಟಬಿಡು. ಯಾಕ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗತೈತಿ, ಚಾ ಇಟ್ಕೊಂಡ ಓದು.

ನಾ ಗದಗ-ಬೆಟಗೇರಿಯಾಕಿ, ಈ ದೇಶಕ್ಕ ಬಂದು ಹದಿನೇಳ ವರ್ಷ ಆತು. ನಿನ್ನಂಗ ನಾನೂ 2012ರಾಗ ಇಂಥಾದ ಒಂದ ಕಂಪನಿಗೆ ಒಂಬತ್ತನೂರ ಪೌಂಡ್ ಕಟ್ಟಿ, ಮ್ಯಾಲ ವಿಮಾನದ ಟಿಕೆಟ್ ಬ್ಯಾರೆ ತಗೊಂಡು, ಕಠ್ಮಂಡುದಾಗಿನ ಒಂದ ಅನಾಥಾಶ್ರಮಕ್ಕ ಹೋಗಿದ್ದೆ. ಬ್ಯಾಗ್ ತುಂಬ ಕ್ರೆಯಾನ್, ಚಾಕಲೇಟ್. ಬಾಗಲಾ ದಾಟೂದ್ರಾಗ ಹುಡುಗರೆಲ್ಲಾ ಓಡಿ ಬಂದು ಕುತಗಿಗೆ ಜೋತಬಿದ್ರು, ನನಗ ಕಣ್ಣಾಗ ನೀರ ಬಂದ್ವು, ಎಷ್ಟ ಪ್ರೀತಿ ಅಂತ ಫೋಟೋ ತಗದು ಮನಿಗೆ ಕಳಿಸಿದೆ. ಭಾಳ ದಿವಸ ಆದಮ್ಯಾಲ ಹೊಳೀತು, ನನ್ನ ತಮ್ಮನ ಮಗಳು ನಾ ಊರಿಗೆ ಹೋದಾಗ ಎರಡ ದಿವಸ ಅವರವ್ವನ ಸೆರಗಿನ ಹಿಂದಿಂದ ಹೊರಗ ಬರಂಗಿಲ್ಲ, ಗುರ್ತ ಇಲ್ಲದವರನ್ನ ಕಂಡ್ರ ಕೂಸು ಹಂಗ ಮಾಡಬೇಕು. ಕಂಡಕಂಡವರ ಕುತಗಿಗೆ ಬೀಳೋ ಹುಡುಗನ ಎದಿಯಾಗ ಏನೋ ಹರದೈತಿ ಅಂತ ಅರ್ಥ. ಎರಡ ವಾರಕ್ಕೊಬ್ಬಾಕಿ ಹೊಸಾ ಆಂಟಿ ಬರ್ತಾಳ, ಎತ್ತಿ ಆಡಸ್ತಾಳ, ಅತ್ತು ಹೊಕ್ಕಾಳ, ಮತ್ತೊಬ್ಬಾಕಿ ಬರ್ತಾಳ.

ನನ್ನ ಜೊತಿ ಬಂದಿದ್ದ ಇಂಗ್ಲಿಷ್ ಹುಡುಗ್ಯಾರಿಗೆ ಆ ಮಕ್ಕಳ ಮಾತ ತಿಳೀತಿರಲಿಲ್ಲ. ಹುಡುಗರು ಟೀವಿ ನೋಡಿ ನೋಡಿ ಹಿಂದಿ ಕಲ್ತಿದ್ವು, ನನ್ನ ಹುಬ್ಬಳ್ಳಿ ಹಿಂದಿ ಅವಕ್ಕ ಹೆಂಗೋ ತಿಳೀತಿತ್ತು. ಒಂದ ದಿವಸ ಏಳೆಂಟ ವರ್ಷದ ಹುಡುಗ ಒಬ್ಬ ಚಿತ್ರ ಬರೀಕೋತ ಕುಂತಿದ್ದ, ಗುಡ್ಡ, ಮನಿ, ಒಂದ ಹೆಣಮಗಳು. ಯಾರಪಾ ಇದು ಅಂತ ಕೇಳಿದೆ. "ಮೇರೀ ಆಮಾ, ಹುಮ್ಲಾ ಮೇ ಹೈ" ಅಂದ. ಹುಮ್ಲಾ ಅಂದ್ರ ನೇಪಾಳದ ವಾಯವ್ಯ ಮೂಲ್ಯಾಗ ಟಿಬೆಟ್ ಗಡಿಗೆ ಹತ್ತಿದ ಜಿಲ್ಲಾ, ಆಗ ಅಲ್ಲಿಗೆ ಹೊರಗಿಂದ ಮೋಟಾರ್ ರಸ್ತಾನೂ ಇರಲಿಲ್ಲ. ಇವ ಸತ್ತ ತಾಯಿ ಬಗ್ಗೆ ಹೇಳಾಕತ್ತಾನು ಅಂತ ತಿಳ್ಕೊಂಡು ತಲಿ ಸವರಿದೆ. ಸಿಟ್ಟಿಲೆ ಕೈ ಸರಿಸಿ, ಇಲ್ಲ ಜೀವಂತ ಅದಾಳ, ಆಡ ಮೇಸ್ತಾಳ ಅಂದ.

ಮ್ಯಾನೇಜರ್ ಕಡೆ ಹೋಗಿ ಕೇಳಿದ್ರ ಅವ ನಕ್ಕು ಒಂದ ಫೈಲ್ ತಗದು ತೋರಿಸಿದ, ಅಪ್ಪ ಇಲ್ಲ ಅವ್ವ ಇಲ್ಲ ಅಂತ ಸಿಕ್ಕಾ ಹೊಡದ ಕಾಗದ. ನಾ ನಂಬಿ ಸುಮ್ನ ಬಂದೆ. ಅದು ನನ್ನ ತಪ್ಪು, ಈಗೂ ಕಾಡತೈತಿ. ಆಮ್ಯಾಲ ಓದಿಕೋತ ಹೋದಾಗ ಗೊತ್ತಾತು, ಇದಕ್ಕ ಪೇಪರ್ ಆರ್ಫನ್ ಅಂತ ಹೆಸರ ಐತಿ, ಕಾಗದದ ಮ್ಯಾಲಷ್ಟ ಅನಾಥ. 1996ರಿಂದ 2006ರ ತನಕ ಅಲ್ಲೆ ಅಂತರ್ಯುದ್ಧ ನಡೀತು, ಆವಾಗ ದಲ್ಲಾಳಿಗಳು ಗುಡ್ಡಗಾಡಿನ ಹಳ್ಳಿಗೆ ಹೋಗಿ, ನಿಮ್ಮ ಹುಡುಗನ್ನ ಪ್ಯಾಟಿಯಾಗ ಸಾಲಿ ಓದಸ್ತೀವಿ ಅಂತ ಹೇಳಿ, ತಂದಿ-ತಾಯಿ ಕಡಿಂದನೂ ರೊಕ್ಕ ಇಸ್ಕೊಂಡು ಕರಕೊಂಡ ಬರ್ತಿದ್ರು, ಈ ಕಡೆ ನಮ್ಮಂಥಾ ಹುಚ್ಚರ ಕಡಿಂದನೂ ಇಸ್ಕೊಂತಿದ್ರು. ಅಲ್ಲಿ ಅನಾಥಾಶ್ರಮಗಳು ಬಡ ಜಿಲ್ಲಾದಾಗ ಇರ್ಲಿಲ್ಲ ನೋಡು, ಟೂರಿಸ್ಟರು ಬರೋ ಕಠ್ಮಂಡು, ಪೋಖರಾ, ಚಿತವನ ಕಡೇನ ಹೆಚ್ಚ ಇದ್ವು, ಅಷ್ಟರ ಮ್ಯಾಲ ತಿಳ್ಕೋಬೇಕಿತ್ತು ನಾನು. 2015ರ ಏಪ್ರಿಲ್‌ನಾಗ ಭೂಕಂಪ ಆದಾಗ ಮಕ್ಕಳನ್ನ ಪರವಾನಗಿ ಇಲ್ಲದನ ಜಿಲ್ಲಾ ಬಿಟ್ಟು ಹೊರಗ ಒಯ್ಯಬಾರದು ಅಂತ ಅಲ್ಲಿ ಸರಕಾರನ ಆರ್ಡರ್ ಮಾಡಬೇಕಾತು. ಎಲ್ಲಾ ಆಶ್ರಮ ಹಿಂಗ ಅಂತ ನಾ ಹೇಳಾಕತ್ತಿಲ್ಲ. ಆದ್ರ ಜಗತ್ತಿನಾಗ ಅನಾಥಾಶ್ರಮದಾಗ ಇರೋ ಮಕ್ಕಳಲ್ಲಿ ಭಾಳ ಮಂದಿಗೆ ತಂದಿನೋ ತಾಯಿನೋ ಜೀವಂತ ಇರ್ತಾರ, ಹೆಚ್ಚಾಗಿ ಬಡತನನ ಕಾರಣ. ಆಸ್ಟ್ರೇಲಿಯಾದವರು 2018ರಾಗ ಆಧುನಿಕ ಗುಲಾಮಗಿರಿ ವಿರುದ್ಧ ಕಾಯ್ದೆ ಮಾಡೂಮುಂದ ಈ ಅನಾಥಾಶ್ರಮದ ಧಂದೆನೂ ಅದರ ಲೆಕ್ಕಕ್ಕ ಹಿಡದ್ರು.

ಇನ್ನೊಂದ ಮಾತು. ನೀ ಲೀಡ್ಸ್‌ನಾಗ ಒಂದ ಪ್ರೈಮರಿ ಸಾಲ್ಯಾಗ ವಾರಾವಾರಾ ಹುಡುಗರಿಗೆ ಓದಸಾಕ ವಾಲಂಟಿಯರ್ ಆಗಿ ಹೋಗಬೇಕಂದ್ರ ಡಿಬಿಎಸ್ ಚೆಕ್ ಮಾಡಸ್ತಾರ, ಪೊಲೀಸ್ ರೆಕಾರ್ಡ್ ನೋಡ್ತಾರ, ಆಮ್ಯಾಲ ಒಳಗ ಬಿಡ್ತಾರ. ಕಠ್ಮಂಡುದಾಗ ನನ್ನ ಕಡಿಂದ ಪಾಸ್‌ಪೋರ್ಟ್ ಜೆರಾಕ್ಸ್ ಒಂದ ಇಸ್ಕೊಂಡ್ರು, ಮುಗೀತು. ಮತ್ತ ಈ ದೇಶದಾಗ ಹಳೇಕಾಲದಂಥ ಅನಾಥಾಶ್ರಮ ಎಲ್ಲಿ ಅದಾವು ಹುಡುಕು ನೋಡೂಣು. ಇಲ್ಲೆ ದಿಕ್ಕಿಲ್ಲದ ಹುಡುಗರನ್ನ ಹೆಚ್ಚಾಗಿ ಫಾಸ್ಟರ್ ಮನೆತನದಾಗ, ಅಂದ್ರ ತಮ್ಮ ಮನ್ಯಾಗ ಇಟ್ಕೊಂಡು ಸಾಕೋ ಬ್ಯಾರೆ ಮನೆತನದಾಗ ಇಡ್ತಾರ, ತಮ್ಮ ಮಕ್ಕಳಿಗೆ ಮನಿ ಬೇಕು, ಮಂದಿ ಮಕ್ಕಳಿಗೆ ಆಶ್ರಮ ಸಾಕು!

ನಮ್ಮ ಗದಗಿನ ಪುಣ್ಯಾಶ್ರಮ ಮತ್ತೇನು ಅಂತ ನೀ ಕೇಳಬಹುದು. ಅದು ಬ್ಯಾರೆ ಮಾತಪಾ. ವೀರೇಶ್ವರ ಪುಣ್ಯಾಶ್ರಮದಾಗ ಪಂಚಾಕ್ಷರಿ ಗವಾಯಿಗಳು ತಾವು ಕುರುಡರಿದ್ದು, ಕುರುಡ ಮಕ್ಕಳನ್ನ ದಿಕ್ಕಿಲ್ಲದ ಮಕ್ಕಳನ್ನ ಕೂಡಿಸ್ಕೊಂಡು ವರ್ಷಗಟ್ಲೆ ಎದುರು ಕುಂದ್ರಿಸಿ ಸಂಗೀತ ಕಲಿಸಿದ್ರು, 1944ರಾಗ ಅವರು ಹೋದಮ್ಯಾಲ ಪುಟ್ಟರಾಜ ಗವಾಯಿಗಳು 2010ರಾಗ ತಾವು ಹೋಗೂತನಕ ಅದನ್ನ ನಡಿಸಿದ್ರು. ಒಬ್ಬ ಗುರು, ಅರವತ್ತ ವರ್ಷದ ಮ್ಯಾಲ. ಎರಡ ವಾರ ಅಲ್ಲ. ಮತ್ತ ಫಂಡ್‌ರೈಸಿಂಗ್ ಅಂದ್ರ ಅದು, ಮಕ್ಕಳ ಊಟಕ್ಕ ನಾಟಕ ಕಂಪನಿ ಕಟ್ಕೊಂಡು ಊರೂರು ತಿರಿಗಿದ್ರು, ಪುಟ್ಟರಾಜರು ತಾವ ನಾಟಕ ಬರೀತಿದ್ರು, ಆಮ್ಯಾಲ ತುಲಾಭಾರ. ನಮ್ಮ ಓಣ್ಯಾಗಿನ ತುಲಾಭಾರಕ್ಕ ನಮ್ಮವ್ವ ಸಾಸವಿ ಡಬ್ಬಿಯಾಗ ಕೂಡಿಟ್ಟಿದ್ದ ಚಿಲ್ಲರ ಎಲ್ಲಾ ಒಯ್ದು ತಕ್ಕಡಿಗೆ ಹಾಕಿದ್ದು ನಂಗ ನೆನಪೈತಿ.

ರೊಕ್ಕ ಕೂಡಸೂದು ನೀ ಖಂಡಿತ ಮಾಡು. ನಾವಿಲ್ಲೆ ಹತ್ತ ಹನ್ನೆರಡ ಮನೆತನ ಸೇರಿ ವರ್ಷಕ್ಕ ಎರಡ ಸಲ ಗಿರ್ಮಿಟ್-ಮಿರ್ಚಿ ಸ್ಟಾಲ್ ಹಾಕ್ತೀವಿ. ಮದಲನೇ ಸಲ 212 ಪೌಂಡ್ ಆತು, ಅದರಾಗ ಅರ್ಧ ಮಿರ್ಚಿ ತಿಂದು ಕಣ್ಣಾಗ ನೀರ ತಗದ ಇಂಗ್ಲಿಷರದ್ದ ಇರಬೇಕು. ಡಬ್ಬಿ ಹಿಡಕೊಂಡು ರಸ್ತಾದಾಗ ಮಾತ್ರ ನಿಂದ್ರಬ್ಯಾಡ, ಅದಕ್ಕ ಕೌನ್ಸಿಲ್ ಪರವಾನಗಿ ಬೇಕು. ಇಲ್ಲಿ ಚಾರಿಟಿಗೆ ಕೊಡೂದಾದ್ರ ಚಾರಿಟಿ ಕಮಿಷನ್ ರಿಜಿಸ್ಟರ್‌ನಾಗ ನಂಬರ್ ಹಾಕಿ ನೋಡು, ಆದಾಯ-ಖರ್ಚಿನ ಲೆಕ್ಕ ಅಲ್ಲೇ ಸಿಗತೈತಿ, ಮತ್ತ ನೀ ಟ್ಯಾಕ್ಸ್ ಕಟ್ಟಾವ ಅದೀ ಅಂದಮ್ಯಾಲ ಗಿಫ್ಟ್ ಏಡ್ ಕಾಲಮ್ಮಿಗೆ ಟಿಕ್ ಮಾಡು, ನೀ ಕೊಟ್ಟ ಪೌಂಡಿಗೆ ಇಲ್ಲಿ ಸರಕಾರ 25 ಪೆನ್ಸ್ ಸೇರಸ್ತೈತಿ. ಮಕ್ಕಳನ್ನ ವಾಪಸ್ ಮನಿ ಸೇರಸೋ ಕೆಲಸ ಮಾಡೋ ಚಾರಿಟಿಗಳೂ ಅದಾವು, ಅಂಥಾವಕ್ಕ ತಿಂಗಳಾ ಹತ್ತ ಪೌಂಡ್ ಸ್ಟ್ಯಾಂಡಿಂಗ್ ಆರ್ಡರ್ ಹಾಕು.

ಊರಿಗೆ ಕಳಸೂದ್ರಾಗ ಒಂದ ತೊಡಕೈತಿ, ಇದನ್ನ ಎರಡ ಸಲ ಓದು. ನನ್ನದು ಈಗ ಬ್ರಿಟಿಷ್ ಪಾಸ್‌ಪೋರ್ಟ್, ಸಾಗರೋತ್ತರ ಭಾರತೀಯರಿಗೆ ಕೊಡೋ ಓಸಿಐ ಕಾರ್ಡ್ ಇದ್ರೂ ಎಫ್‌ಸಿಆರ್‌ಎ, ಅಂದ್ರ ಭಾರತದ ವಿದೇಶಿ ದೇಣಿಗಿ ಕಾಯ್ದೆ ಪ್ರಕಾರ ನಾ ವಿದೇಶಿ. ನಾ ತಿಳೀದನ ಧಾರವಾಡ ಕಡೆ ಒಂದ ಟ್ರಸ್ಟಿನ ಸಾದಾ ಅಕೌಂಟಿಗೆ ರೊಕ್ಕ ಹಾಕಿದೆ, ಪಾಪ ಅವರು ಗಾಬರಿಯಾಗಿ ಫೋನ್ ಮಾಡಿ, ಅಕ್ಕಾರ ನಮ್ಮ ಕಡೆ ಎಫ್‌ಸಿಆರ್‌ಎ ನೋಂದಣಿ ಇಲ್ರಿ, ನಮ್ಮನ್ನ ಜೇಲಿಗೆ ಕಳಸ್ತೀರೇನ್ರಿ ಅಂತ ವಾಪಸ್ ಕಳಿಸಿದ್ರು. 2020ರ ತಿದ್ದುಪಡಿ ಆದಮ್ಯಾಲ ವಿದೇಶಿ ರೊಕ್ಕ ಮದಲ ದಿಲ್ಲಿ ಎಸ್‌ಬಿಐ ಮೇನ್ ಬ್ರ್ಯಾಂಚಿನ ಅಕೌಂಟಿಗೇ ಬರಬೇಕು, ಅದನ್ನ ಇನ್ನೊಂದ ಸಂಸ್ಥಾಕ್ಕ ದಾಟಸಾಕೂ ಬರಂಗಿಲ್ಲ. ನಿಂದು ಇನ್ನೂ ಇಂಡಿಯನ್ ಪಾಸ್‌ಪೋರ್ಟ್, ನಿನ್ನ ಸ್ವಂತ ಪಗಾರದ ರೊಕ್ಕ ಬ್ಯಾಂಕ್ ಮೂಲಕ ಕಳಿಸಿದ್ರ ಅದು ವಿದೇಶಿ ದೇಣಿಗಿ ಅನಿಸ್ಕೊಳ್ಳಂಗಿಲ್ಲ. ಆದ್ರ ಆಫೀಸಿನ ಜಾನ್, ಸಾರಾ ಕೊಟ್ಟ ರೊಕ್ಕ ನಿನ್ನ ಅಕೌಂಟಿನ್ಯಾಗ ಕೂಡಿಸಿ ನಂದ ಅಂತ ಕಳಸೂದು ಮಾತ್ರ ಬ್ಯಾಡ, ಅಲ್ಲಿ ಟ್ರಸ್ಟಿನವರು ಸಿಕ್ಕಬೀಳ್ತಾರ. ಟ್ರಸ್ಟ್ ನೋಡೂಮುಂದನೂ ಬಾಲನ್ಯಾಯ ಕಾಯ್ದೆ ಕೆಳಗ ನೋಂದಣಿ ಐತೇನು, ಮಕ್ಕಳು ಮಕ್ಕಳ ಕಲ್ಯಾಣ ಸಮಿತಿ ಆರ್ಡರ್ ಮ್ಯಾಲ ಬಂದಾವೇನು ಅಂತ ಕೇಳು. ಮಾರಿ ಸಿಟ್ಟ ಮಾಡ್ಕೊಂಡ್ರ ಅಲ್ಲಿಗೆ ಬಿಡು.

ಎಲ್ಲಾಕ್ಕಿಂತ ನನಗ ಸಮಾಧಾನ ಕೊಟ್ಟ ಕೆಲಸಕ್ಕ ಒಂದ ಪೌಂಡೂ ಖರ್ಚಾಗಲಿಲ್ಲ. ಬೆಟಗೇರಿಯಾಗ ನಮ್ಮವ್ವನ ಮನಿ ಹಿಂದ ಒಬ್ಬ ನೇಕಾರ ತೀರಿಕೊಂಡ, ಎರಡ ಸಣ್ಣ ಮಕ್ಕಳು, ಹೆಂಡ್ತಿ ಒಬ್ಬಾಕಿನ ಮಗ್ಗ ನಡಸಾಕ ಆಗದ ಹುಡುಗರನ್ನ ಎಲ್ಲೆರ ಆಶ್ರಮಕ್ಕ ಹಾಕತೀನಿ ಅಂತ ಹೊಂಟಿದ್ಲು. ಅವ್ವ ಫೋನಿನ್ಯಾಗ ಅತ್ಲು. ಅಲ್ಲಿ ಸರಕಾರದ ಮಿಷನ್ ವಾತ್ಸಲ್ಯ ಯೋಜನೆದಾಗ ಇಂಥಾ ಮಕ್ಕಳು ಮನ್ಯಾಗ ಉಳೀಲಿ ಅಂತ ಪ್ರಾಯೋಜಕತ್ವ ಅಂತ ಐತಿ, ಒಂದ ಮಗುವಿಗೆ ತಿಂಗಳಿಗೆ 4000 ರೂಪಾಯಿ. ನನ್ನ ತಮ್ಮಗ ಗಂಟಬಿದ್ದು, ಗಂಡಂದು ಮರಣ ಪ್ರಮಾಣಪತ್ರ, ಉತ್ಪನ್ನದ ದಾಖಲೆ, ಆಧಾರ್, ಸಾಲಿ ಸರ್ಟಿಫಿಕೇಟ್ ಎಲ್ಲಾ ಕೂಡಿಸಿ ಗದಗ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕ ಆಕಿನ್ನ ಕರಕೊಂಡ ಹೋಗು ಅಂತ ಬೆನ್ನ ಹತ್ತಿದೆ. ಅವ ನಾಕೈದ ಸಲ ಅಡ್ಡಾಡಿ ನನಗ ಬೈದ, ಆದ್ರೂ ಮಂಜೂರಾತು. ಮಕ್ಕಳು ಮನ್ಯಾಗ ಅದಾವು. ಆ ಫಾರ್ಮ್ ತುಂಬಾಕ, ಫೋನ್ ಹಚ್ಚಾಕ ನಿನ್ನಂಥಾ ಓದಿದ ಹುಡುಗರು ಬೇಕಪಾ, ಲೀಡ್ಸ್‌ನಾಗ ಕುಂತ ಮಾಡಬಹುದು.

ಕಂಪನಿಗೆ ಇವತ್ತ ಮೇಲ್ ಹಾಕಿ ಡೆಪಾಸಿಟ್ ವಾಪಸ್ ಕೇಳು, ಕೊಡಲಿಲ್ಲಂದ್ರ ಹೋತು ಅನ್ನು. ವಿಮಾನದ ಟಿಕೆಟ್ ಆಗಲೇ ತಗಸಿದ್ರ ಕೆಡಸಬ್ಯಾಡ, ನೇಪಾಳಕ್ಕ ಹೋಗಿ ಹೋಟೆಲ್‌ನಾಗ ಇರು, ಪಶುಪತಿನಾಥಗ ಕೈ ಮುಗಿ, ಪೋಖರಾದಾಗ ಎರಡ ದಿವಸ ಅಡ್ಡಾಡು, ಟ್ಯಾಕ್ಸಿಯವಗ, ಖಾನಾವಳಿಯವಗ ರೊಕ್ಕ ಕೊಡು, ಅವರ ಮನ್ಯಾಗೂ ಮಕ್ಕಳು ಅದಾವು. ಬಂದಮ್ಯಾಲ ಸ್ಟಾಲಿಗೆ ಬಾ. ಉಳ್ಳಾಗಡ್ಡಿ ಹೆಚ್ಚಾಕ ಕೈ ಕಮ್ಮಿ ಬೀಳಾಕತ್ತಾವು, ಮತ್ತ ಇಲ್ಲಿ ಚುರಮುರಿ ಎಷ್ಟ ಹುರದ್ರೂ ಮೆತ್ತಗ, ನಿಮ್ಮ ಮನಿಯವರು ಯಾರರ ಬರಾವರಿದ್ರ ಹುಬ್ಬಳ್ಳಿ ಚುರಮುರಿ ಎರಡ ಪಾಕೀಟ ತರಾಕ ಹೇಳು.